ಚಾಕು ಮುಚ್ಚುವ ಅಧಿಕಾರ

ರೇಜಿಸ್ ವೈಸಾದನೆಂಬ ಮಹಾನುಭಾವನು ಪ್ರತಿದಿನ ಬೆಳಗ್ಗೆ ಕಚೇರಿಗೆ ಹೊರಡುವ ಮುನ್ನ ನಿಲುಗನ್ನಡಿಯ ಮುಂದೆ ನಿಂತು ತನ್ನ ಬಲದೊಡೆಯನ್ನು ಪರೀಕ್ಷಿಸಿಕೊಳ್ಳುತ್ತಿದ್ದನು. ಮುಖವನ್ನು ನೋಡಿಕೊಳ್ಳುವ ಚಪಲ ಅವನಿಗೆ ಅಷ್ಟಾಗಿ ಇರಲಿಲ್ಲ. ಆ ಮಟ್ಟಿಗೆ ಅವನಲ್ಲಿ ವಿವೇಕವಿತ್ತೆನ್ನಬೇಕು. ತೊಡೆಯ ಮೇಲೆ ಇಸ್ತ್ರಿಯ ಗೆರೆ ನೂಲು ಹಿಡಿದಂತೆ ಇಳಿದಿರುವ ಹತ್ತಿಯ ಷರಾಯಿ. ಆ ಷರಾಯಿಯ ಜೇಬಿನಲ್ಲಿ ಮಡಿಸುವ ಚಾಕು. ಚಾಕು ಅಲ್ಲಿದೆಯೆಂಬುದು ನೋಡಿದವರಿಗೆ ತಿಳಿಯಬೇಕು, ಆದರೆ ಅದರ ಭಾರಕ್ಕೆ ಬಟ್ಟೆ ಜೋಲಬಾರದು. ಪ್ರಪಂಚದಲ್ಲಿ ಹುಟ್ಟಿಬಂದವರು ಯಾವ ಯಾವುದಕ್ಕೋ ತಪಸ್ಸು ಮಾಡಿದ್ದಾರೆ. ವೈಸಾದನು ಇದಕ್ಕೆ ಮಾಡಿದನು.

ಅವನ ಹೆಂಡತಿ ಓದೀಲ್ ಮಂಚದ ಅಂಚಿನಲ್ಲಿ ಕುಳಿತು ಕಾಲುಚೀಲ ಏರಿಸಿಕೊಳ್ಳುತ್ತ ಈ ವಿಧಿಯನ್ನು ನೋಡುವಳು. ಮದುವೆಯಾದ ಹೊಸದರಲ್ಲಿ ಅದು ಅವಳಿಗೆ ಮುದ್ದಾಗಿ ಕಂಡಿತ್ತು. ಆಮೇಲೆ ಕೆಲವು ವರ್ಷ ನಗು ಬರುತ್ತಿತ್ತು. ಈಗ ನಗುವೂ ಸವೆದು ಅದರಡಿಯ ತಿರಸ್ಕಾರ ಮಾತ್ರ, ಹೊಳೆಯ ನೀರಿಳಿದಾಗ ತೋರುವ ಬಂಡೆಯ ಹಾಗೆ, ಒಣಗಿ ನಿಂತಿತ್ತು. ಚರ್ಚಿನ ಮರಿಯಮ್ಮನ ಮೆರವಣಿಗೆಯ ದಿನ ವಿಗ್ರಹಕ್ಕೂ ಇಷ್ಟು ಹೊತ್ತಿನ ಅಲಂಕಾರ ನಡೆಯುವುದಿಲ್ಲವೆಂದು ಅವಳು ಒಮ್ಮೆ ಅಂದಿದ್ದಳು. ಅವನು ಅದನ್ನು ಹೊಗಳಿಕೆಯೆಂದೇ ತಿಳಿದನು.

ನಮ್ಮ ಓಬ್ರಾಕ್ ಗುಡ್ಡಸೀಮೆಯಲ್ಲಿ ಗಂಡಸಿನ ಜೇಬಿನಲ್ಲಿ ಚಾಕು ಇರುವುದು ಮುಖದಲ್ಲಿ ಮೂಗು ಇರುವಷ್ಟೇ ವಿಶೇಷ. ದನಗಾಹಿಯ ಬಳಿ ಇದೆ, ಅಂಚೆಯವನ ಬಳಿ ಇದೆ, ಪತ್ರ ನೋಂದಾಯಿಸುವ ವಕೀಲನ ಬಳಿ ಇದೆ. ಪಾದ್ರಿಗಳು ಪಾಪನಿವೇದನೆ ಕೇಳಿ ಮುಗಿಸಿ ನಿಲುವಂಗಿಯೊಳಗಿಂದ ಅದನ್ನು ತೆಗೆದು ಪಿಯರ್ ಹಣ್ಣು ಸುಲಿಯುತ್ತಾರೆ. ಬೇಕಾದಾಗ ಬಿಚ್ಚುತ್ತಾರೆ, ಕೊಯ್ಯುತ್ತಾರೆ, ಒರಸುತ್ತಾರೆ, ಮಡಿಸುತ್ತಾರೆ, ಮರೆಯುತ್ತಾರೆ. ಈ ಐದನೆಯ ಕ್ರಿಯೆಯೊಂದು ವೈಸಾದನಿಗೆ ಸಿದ್ಧಿಸಲಿಲ್ಲ. ಬಿಷಪ್ಪರು ಉಂಗುರವನ್ನು ಮರೆಯದ ಹಾಗೆ ಅವನು ಚಾಕುವನ್ನು ಮರೆಯನು.

ಅವನಿಗೆ ಮೂರು ಚಾಕುಗಳಿದ್ದವು. ಬೂದುಬಣ್ಣದ ಷರಾಯಿಗೆ ಹಾಪುಷವೆಂಬ ಗುಡ್ಡದ ಮರದ ಹಿಡಿಯದು. ಕಡುನೀಲಿಗೆ ಕೊಂಬಿನ ಹಿಡಿಯದು. ಬೇಸಿಗೆಯ ತೆಳುಬಟ್ಟೆಗೆ ಬಿರಡೆ ಕೀಳುವ ಸುರುಳಿಯಿಲ್ಲದ ಸಪೂರದ್ದು. ಬೀಗದ ಕೈಗಳು ಅದಕ್ಕೆ ತಗುಲಿ ಗೀಚದಂತೆ ಕರುವಿನ ಚರ್ಮದ ಒರೆ ಹೊಲಿಸಿದ್ದನು. ಬೀಗದ ಕೈ ಮತ್ತು ಚಿಲ್ಲರೆ ಎಡಜೇಬಿಗೆ, ಚಾಕು ಬಲಜೇಬಿಗೆ ಎಂಬ ವರ್ಣಾಶ್ರಮ ಅವನ ಷರಾಯಿಯಲ್ಲಿ ಕಟ್ಟುನಿಟ್ಟಾಗಿ ನಡೆಯುತ್ತಿತ್ತು. ಟೈ ಕಟ್ಟುತ್ತಿರಲಿಲ್ಲ. ಕೊರಳ ಗುಂಡಿ ಬಿಚ್ಚಿದ ಅಂಗಿ, ಮೇಲೊಂದು ಮೆದುವಾದ ಕೋಟು, ಕಾಲಿಗೆ ಮೆತ್ತನೆಯ ಚರ್ಮದ ಬೂಟು. ರೈತರೊಡನೆ ರೈತನಾಗಿ, ಅಧಿಕಾರಿಗಳೊಡನೆ ಅಧಿಕಾರಿಯಾಗಿ ಕಾಣುವ ವೇಷವಿದೆಂದು ಅವನ ಎಣಿಕೆ. ಎರಡೂ ಆಗದೆ ಕಾಣುತ್ತಿದ್ದನೆಂಬುದು ಜನರ ಎಣಿಕೆ. ಕಚೇರಿಗೆ ಹೊಸದಾಗಿ ಬಂದ ಹುಡುಗರಿಗೆ ಅವನು ಉಪದೇಶ ಕೊಡುವನು: ಸೊಂಟದ ಪಟ್ಟಿಗೆ ಚಾಕು ಸಿಕ್ಕಿಸುವವನು ಬೇಟೆಗಾರ, ಜೇಬಿನ ಅಂಚಿಗೆ ಕೊಕ್ಕೆಯಿಂದ ನೇತುಹಾಕುವವನು ಗಾರೆಯವನು, ಕುರ್ಚಿಯ ಮೇಲೆ ಕೂರುವವನು ಜೇಬಿನ ಆಳದಲ್ಲಿ ಇಡಬೇಕು. ಹುಡುಗರು ತಲೆಯಾಡಿಸಿ, ಅವನು ಅತ್ತ ಹೋದಮೇಲೆ ಬೆರಳಿನಿಂದ ಒಬ್ಬರ ತೊಡೆಯನ್ನೊಬ್ಬರು ತಿವಿದು ನಗುವರು.

ಆ ಕಚೇರಿ ಎಸ್ಪಾಲಿಯೋಂ ಪಟ್ಟಣದಲ್ಲಿ ರೈತರೇ ಕೂಡಿ ಕಟ್ಟಿಕೊಂಡ ಜಾನುವಾರು ವಿಮೆಯ ಸಂಘದ್ದು. ಸಿಡಿಲಿಗೆ ಸತ್ತ ಹಸು, ಹೊಟ್ಟೆಯುಬ್ಬರದಿಂದ ಸತ್ತ ಎತ್ತು, ಕಣಿವೆಗುರುಳಿದ ಕರು—ಇವುಗಳ ಬೆಲೆ ಕಟ್ಟುವ ಉಪನಿರ್ದೇಶಕನ ಹುದ್ದೆ ವೈಸಾದನದು. ಸತ್ತ ದನದ ಮುಂದೆ ನಿಂತು ಅಳುವ ಮನುಷ್ಯನ ಎದುರಿನಲ್ಲಿ ಅವನು ಷರಾಯಿಯ ಗೆರೆ ಕೆಡದ ಹಾಗೆ ಕುಳಿತೇಳುವುದನ್ನು ಕಲಿತಿದ್ದನು. ಕಚೇರಿಗೆ ಯಾವುದಾದರೂ ಕಟ್ಟು ಬಂದರೆ ಅದರ ದಾರವನ್ನು ಕೊಯ್ಯಲು ಅವನೇ ಬರಬೇಕು. ಟೈಪು ಮಾಡುವಾಕೆಯ ಮೇಜಿನ ಮೇಲೆ ಕತ್ತರಿಯಿತ್ತು. ಆದರೆ ಆಕೆ ಅದನ್ನು ಮುಟ್ಟುವಷ್ಟರಲ್ಲಿ, ಒಳಕೋಣೆಯಲ್ಲಿ ಕಾಗದದ ಸರಸರ ಸದ್ದು ಕೇಳಿಸಿಕೊಂಡ ವೈಸಾದನು ಬಾಗಿಲಲ್ಲಿ ನಿಂತಿರುವನು. ಒರೆ ಸರಿಸಿ, ಉಗುರಿನಿಂದ ಅಲಗೆತ್ತಿ, ಒಂದೆಳೆ ದಾರ ತುಂಡರಿಸಿ, ರಣರಂಗದಿಂದ ಮರಳುವವನಂತೆ ಮರಳುವನು.

ಒಮ್ಮೆ ರೊದೇಸ್ ಪಟ್ಟಣದಲ್ಲಿ ಸರ್ಕಾರದ ಕಟ್ಟಡವೊಂದರ ಬಾಗಿಲಲ್ಲಿ ಕಾವಲಿನವನು ಜೇಬಿನಲ್ಲಿರುವುದನ್ನೆಲ್ಲ ತಟ್ಟೆಗೆ ಹಾಕಿರೆಂದನು. ವೈಸಾದನು ಹಾಕಲಿಲ್ಲ. ಬೆನ್ನ ಹಿಂದೆ ಸಾಲು ಬೆಳೆಯುತ್ತಿರಲು, ಈ ಸೀಮೆಯ ಸಂಸ್ಕೃತಿ ಯಾವುದು, ಅದರಲ್ಲಿ ಚಾಕುವಿನ ಸ್ಥಾನವೇನು, ತನ್ನನ್ನು ಪುಂಡನೆಂದು ತಿಳಿದಿರುವೆಯೋ ಗೃಹಸ್ಥನೆಂದು ತಿಳಿದಿರುವೆಯೋ ಎಂದು ಭಾಷಣ ಮಾಡಿದನು. ಕಾವಲಿನವನು ಪೂರ್ತಿ ಕೇಳಿಸಿಕೊಂಡು ತನ್ನ ಮೇಜಿನ ಸೆಳೆಖಾನೆಯನ್ನೆಳೆದು ತೋರಿಸಿದನು. ಅದರೊಳಗೆ, ಅರ್ಧ ತಿಂದ ರೊಟ್ಟಿಯ ಪಕ್ಕದಲ್ಲಿ, ವೈಸಾದನದಕ್ಕಿಂತ ಒಂದು ಬೆರಳು ಉದ್ದದ ಚಾಕು ಮಲಗಿತ್ತು.

"ನಂದೂ ಇಲ್ಲೇ ಬಿದ್ದಿರತ್ತೆ ಸ್ವಾಮಿ," ಎಂದನು ಅವನು. "ಬೇಕಾದ್ರೆ ನಿಮ್ದೂ ಪಕ್ಕದಲ್ಲೇ ಇಡಿ. ಒಂದಕ್ಕೊಂದು ಮಾತಾಡ್ಕೊಂಡಿರ್ಲಿ."

ಸಾಲು ನಕ್ಕಿತು. ಆ ಸಾಲಿನಲ್ಲಿ ಓದೀಲಳೂ ಇದ್ದಳು, ಮತ್ತು ನಕ್ಕವರಲ್ಲಿಯೂ ಇದ್ದಳು.

ಇದೆಲ್ಲ ಬರಿಯ ಶೋಕಿಯಾಗಿದ್ದರೆ ಅವಳು ಸಹಿಸಿಕೊಂಡಾಳು. ಶೋಕಿಯ ಗಂಡಂದಿರಿಂದ ಯಾರೂ ಸತ್ತಿಲ್ಲ. ಆದರೆ ವೈಸಾದನ ಚಾಕುವಿಗೆ ಬಿಚ್ಚುವುದಲ್ಲದೆ ಮುಚ್ಚುವುದೆಂಬ ಇನ್ನೊಂದು ಮಹಿಮೆಯಿತ್ತು.

ನಮ್ಮಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ ಇದು: ಊಟದ ಮೇಜಿನ ತಲೆಯಲ್ಲಿ ಕೂರುವ ಮನೆಯ ಯಜಮಾನನು ಕೊನೆಯ ತುತ್ತು ಉಂಡು, ರೊಟ್ಟಿಯ ತುಣುಕಿನಿಂದ ತನ್ನ ಚಾಕುವಿನ ಅಲಗನ್ನು ಎರಡೂ ಮಗ್ಗುಲು ಒರಸಿ, ಆ ತುಣುಕನ್ನು ಬಾಯಿಗಿಟ್ಟುಕೊಂಡು, ಚಾಕುವನ್ನು ಟಕ್ಕೆಂದು ಮುಚ್ಚಿದರೆ ಊಟ ಮುಗಿಯಿತು. ಮಕ್ಕಳು, ಹೆಂಗಸರು, ಆಳುಗಳು, ಎಲ್ಲರೂ ಏಳಬೇಕು. ತಟ್ಟೆಯಲ್ಲಿ ಉಳಿದದ್ದು ಹಂದಿಗೆ. ಒಳ್ಳೆಯ ಯಜಮಾನನು ಮೇಜಿನ ಕೊನೆಯವರೆಗೆ ಕಣ್ಣಾಡಿಸಿ, ಎಲ್ಲರ ತಟ್ಟೆ ಬರಿದಾಯಿತೆಂದು ಕಂಡಮೇಲೆಯೇ ಮುಚ್ಚುವನು. ಕೆಟ್ಟವನು ತನ್ನ ಹೊಟ್ಟೆಯನ್ನು ಮಾತ್ರ ಕೇಳುವನು. ವೈಸಾದನ ತಂದೆ ಅಂಥ ಕೆಟ್ಟ ಯಜಮಾನರ ಮನೆಗಳಲ್ಲಿ ಆಳಾಗಿ ಬಾಳಿದವನು. ಸಾರು ಮೇಜಿನ ತಲೆಯಿಂದ ಹೊರಟು ಆಳುಗಳ ಕಡೆ ತಲುಪುವಷ್ಟರಲ್ಲಿ ಅಲ್ಲಿ ಟಕ್ಕೆನ್ನುವುದು. ಅವನು ಬಾಯಿಯ ಹತ್ತಿರ ಬಂದ ಚಮಚವನ್ನು ಇಳಿಸಿ ಕೊಟ್ಟಿಗೆಗೆ ನಡೆಯುವನು. ಮಗನಿಗೆ ಇದನ್ನೆಲ್ಲ ಹೇಳಿಕೊಂಡು ಅತ್ತಿದ್ದನಂತೆ.

ಇಂಥ ಕಥೆಯನ್ನು ಕೇಳಿ ಬೆಳೆದ ಮಗನು ಎರಡು ಪಾಠಗಳಲ್ಲಿ ಒಂದನ್ನು ಕಲಿಯಬಹುದು. ಹಸಿದವನನ್ನು ಎಬ್ಬಿಸಬಾರದೆಂಬುದು ಒಂದು. ಎಬ್ಬಿಸುವ ಚಾಕು ತನ್ನ ಕೈಯಲ್ಲಿರಬೇಕೆಂಬುದು ಇನ್ನೊಂದು. ವೈಸಾದನು ಯಾವುದನ್ನು ಕಲಿತನೆಂಬುದನ್ನು ಓದೀಲಳ ಸೊಂಟವೇ ಹೇಳುತ್ತಿತ್ತು. ಅವಳು ನಿಧಾನವಾಗಿ ಉಣ್ಣುವವಳು. ತುತ್ತನ್ನು ಅಗಿದು, ರುಚಿ ನೋಡಿ, ನುಂಗಿ, ಅದು ಇಳಿದ ಮೇಲೆ ಮುಂದಿನದನ್ನು ನೆನೆಯುವವಳು. ಅವಳ ತಂದೆ, ಕಾಫಿ ಅಂಗಡಿಯ ಮನುಷ್ಯ, ಮಗಳು ಉಣ್ಣುವುದನ್ನು ನೋಡಿದರೆ ಜಪ ಮಾಡಿದಂತಿರುತ್ತದೆಂದು ಹಿಗ್ಗುತ್ತಿದ್ದನು. ವೈಸಾದನ ಮನೆಯಲ್ಲಿ ಆ ಜಪ ಒಂದು ದಿನವೂ ಪೂರ್ತಿಯಾಗಲಿಲ್ಲ. ಅವನು ರೊಟ್ಟಿಯ ಬೆನ್ನಿಗೆ ಚಾಕುವಿನ ಮೊನೆಯಿಂದ ದೊಡ್ಡದಾಗಿ ಶಿಲುಬೆ ಗೀಚಿ, ದೇವರಿಗೂ ನೆರೆಮನೆಯವರಿಗೂ ಏಕಕಾಲಕ್ಕೆ ಕೇಳಿಸುವಂತೆ ಸ್ತೋತ್ರ ಹೇಳಿ, ಗಬಗಬನೆ ಉಂಡು ಮುಚ್ಚುವನು. ಚಾಕುವನ್ನು ಹಾಗೆ ಬಡಿದು ಮುಚ್ಚಿದರೆ ಅಲಗಿನ ಬಾಯಿ ಮೊಂಡಾಗುತ್ತದೆ, ಹೆಬ್ಬೆರಳು ಆನಿಸಿ ಮೆಲ್ಲನೆ ಮಡಿಸಬೇಕು ಎಂದು ಊರಿಗೆಲ್ಲ ಪಾಠ ಹೇಳುವವನು ಅವನೇ. ಮನೆಯಲ್ಲಿ ಬಡಿದೇ ಮುಚ್ಚುವನು. ಅಲಗು ಮೊಂಡಾದರೆ ಸಾಣೆಯಿದೆ. ಸದ್ದು ಮೊಂಡಾದರೆ ಯಜಮಾನಿಕೆ ಎಲ್ಲಿ?

ಮಾತಿಗೂ ಅದೇ ಮುದ್ರೆ ಬಿದ್ದಿತು. ವಾದದಲ್ಲಿ ಸೋಲುವಂತಾದರೆ ಮುಚ್ಚುವನು; ಮಾತು ಮುಗಿಯಿತು. ಕಚೇರಿಯ ಸಭೆಯಲ್ಲಿ ಸೇಬು ಸುಲಿಯುತ್ತ ಕೂತು, ಸಿಪ್ಪೆ ತುಂಡಾಗದೆ ಸುರುಳಿಯಾಗಿ ಬಿದ್ದ ಮೇಲೆ ಮುಚ್ಚುವನು, ಸಭೆ ಮುಗಿಯಿತು. ಹುಡುಗರು ಕಾಗದಗಳನ್ನೆತ್ತಿಕೊಂಡು ಏಳುವರು. ಊಟದ ಎಡೆಯಿಂದ ಹಸಿದವರನ್ನು ಎಬ್ಬಿಸಿದವನಿಗೆ ಯಾವ ದೇವರ ಆಸ್ಥಾನದಲ್ಲಿಯೂ ಕ್ಷಮೆಯಿಲ್ಲವೆಂದು ಹಿರಿಯರು ನಂಬಿದ್ದರು. ವೈಸಾದನು ದೇವರ ಆಸ್ಥಾನಕ್ಕೂ ಬಲಜೇಬಿನಲ್ಲಿ ಚಾಕುವಿಟ್ಟುಕೊಂಡೇ ಹೋಗುವೆನೆಂದು ನಂಬಿದ್ದನು.

ಫ್ರಾಂಕ್ ಹೋಗಿ ಯೂರೋ ಬಂದ ವರ್ಷ ಸಂಘದ ನಿರ್ದೇಶಕರು ನಿವೃತ್ತರಾದರು. ಆ ಕುರ್ಚಿಗೆ ಇಬ್ಬರ ಹೆಸರು ಕೇಳಿಬಂದಿತು: ಒಂದು ವೈಸಾದನದು, ಇನ್ನೊಂದು ಮಾಂದ್ ಊರಿನ ಒಬ್ಬ ಹೆಂಗಸಿನದು, ಅವಳು ಹೊರಗಿನವಳು. ಆರಿಸುವುದು ಆಡಳಿತ ಮಂಡಳಿಯಾದರೂ, ಮಂಡಳಿಯೆಂದರೆ ಅಧ್ಯಕ್ಷ ಸಿಪ್ರಿಯೆನ್ ಕೈರೋಲ್ ಎಂಬ ಮುದುಕನು ತಲೆಯಾಡಿಸಿದತ್ತ ತಲೆಯಾಡಿಸುವ ಗುಂಪು. ಕೈರೋಲನು ಯಾರನ್ನೂ ಪ್ರಶ್ನೆ ಕೇಳಿ ಪರೀಕ್ಷಿಸುವವನಲ್ಲ. ಗುಡ್ಡದ ಮೇಲಿನ ತನ್ನ ಹಟ್ಟಿಗೆ ಭಾನುವಾರದ ಊಟಕ್ಕೆ ಕರೆಯುವನು. ಉಂಡು, ಅವನ ಹಸುಗಳ ಹಾಲಿನಿಂದ ಮಾಗಿಸಿದ ಗಿಣ್ಣವನ್ನು, ಅಂದರೆ ಚೀಸನ್ನು, ಅವನ ಕೈಯಿಂದ ತೆಗೆದುಕೊಂಡು ಸವಿದು, ಕಾಫಿಯವರೆಗೆ ಕೂತವನಿಗೆ ಕುರ್ಚಿ ಸಿಕ್ಕಿತೆಂದು ಸೀಮೆಗೆಲ್ಲ ಗೊತ್ತು. ವೈಸಾದ ದಂಪತಿಗಳಿಗೆ ಕರೆ ಬಂದಿತು.

ಆ ಭಾನುವಾರದವರೆಗೆ ಅವನು ಮನೆಯಲ್ಲಿ ನಿರ್ದೇಶಕನಾಗಿಯೇ ನಡೆದಾಡಿದನು. ತನ್ನ ತಂದೆ ಆಳಾಗಿ ಕೂತ ಮೇಜುಗಳ ವಾರಸುದಾರರೆಲ್ಲ ಇನ್ನು ತನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ ಕಾಯಬೇಕಾಗುವುದೆಂದು ಎರಡು ಸಲ ಹೇಳಿದನು. ಎರಡನೆಯ ಸಲ ಹೇಳುವಾಗ ಅವನ ಧ್ವನಿ ಸ್ವಲ್ಪ ನಡುಗಿತು. ಓದೀಲಳಿಗೆ ಆ ಕ್ಷಣ ಕನಿಕರ ಬರುವುದರಲ್ಲಿತ್ತು. ಅಷ್ಟರಲ್ಲಿ ಅವನು ಕೊಂಬಿನ ಹಿಡಿಗೆ ಜೇನುಮೇಣ ತಿಕ್ಕುತ್ತ, ಕೈರೋಲರ ಮನೆಗೆ ಯಾವ ಷರಾಯಿ ಹೊಂದುವುದೆಂದು ಕೇಳಿದನು. ಬಂದ ಕನಿಕರ ಬಂದ ದಾರಿಯಲ್ಲೇ ಹೋಯಿತು. ಷರಾಯಿಗೆ ಇಸ್ತ್ರಿ ಹಾಕಿಕೊಟ್ಟವಳು ಅವಳೇ. ಅವನು ಗೆಲ್ಲಬಾರದೆಂಬ ಹಟ ಅವಳಿಗಿರಲಿಲ್ಲ. ಗೆದ್ದರೆ ಟಕ್ಕೆನ್ನುವ ಸದ್ದು ಇನ್ನಷ್ಟು ಜೋರಾಗುವುದೆಂಬುದನ್ನು ಮಾತ್ರ ಬಲ್ಲವಳಾಗಿದ್ದಳು.

ಕೈರೋಲರ ಅಡುಗೆಮನೆಯಲ್ಲಿ ಒಲೆಯ ಮುಂದೆ ಮುದುಕಿ ಆಂಜೆಲ್ ನಿಂತು, ಬೇಯಿಸಿ ನಾದಿದ ಆಲೂಗಡ್ಡೆಗೆ ಎಳೆಗಿಣ್ಣ ಬೆರೆಸಿ ಮರದ ಸೌಟಿನಿಂದ ಎತ್ತೆತ್ತಿ ಬಿಡುತ್ತಿದ್ದಳು. ಅದು ಬಟ್ಟೆಯ ಹಾಗೆ ಉದ್ದಕ್ಕೆ ಜೋಲುತ್ತಿತ್ತು. ಮೇಜಿಗೆ ಐವರು: ತಲೆಯಲ್ಲಿ ಕೈರೋಲ್, ಅವನ ಬಲಕ್ಕೆ ವೈಸಾದ, ಎಡಕ್ಕೆ ಮಂಡಳಿಯ ಸದಸ್ಯನಾದ ದೆಲ್ಬೂಯಿ ಎಂಬ ತೆಳ್ಳನೆಯ ಚೇಷ್ಟೆಯ ರೈತ, ಆಮೇಲೆ ಓದೀಲ್, ಒಲೆಯ ಕಡೆಗೆ ಆಂಜೆಲ್. ಕೈರೋಲನು ರೊಟ್ಟಿಯನ್ನು ಎದೆಗೊತ್ತಿಕೊಂಡು, ಅದರ ತಳಕ್ಕೆ ಮೊನೆಯಿಂದ ಯಾರಿಗೂ ಕಾಣದಷ್ಟು ಚಿಕ್ಕ ಶಿಲುಬೆ ಗೀಚಿ, ಹೋಳು ಮಾಡಿ ಕೊಟ್ಟನು. ಅವನ ಚಾಕುವಿನ ಹಿಡಿ ಒಂದು ಕಡೆ ಸೀಳಿ, ತಂತಿ ಸುತ್ತಿಸಿಕೊಂಡಿತ್ತು. ವೈಸಾದನು ತನ್ನದನ್ನು ಒರೆಯಿಂದ ತೆಗೆದು, ಅಲಗನ್ನು ಕಿಟಕಿಯ ಬೆಳಕಿಗೆ ಒಂದು ಕ್ಷಣ ಹಿಡಿದು, ತಟ್ಟೆಯ ಪಕ್ಕದಲ್ಲಿ ಇಟ್ಟನು. ಕೈರೋಲನು ಅದನ್ನು ನೋಡಿದನು; ಒಳ್ಳೆಯ ಚಾಕು ಎಂದನು. ವೈಸಾದನು ಆ ಒಂದು ಮಾತಿಗೆ ಪ್ರತಿಯಾಗಿ ಉಕ್ಕಿನ ಗುಣ, ಕೊಂಬಿನ ವಯಸ್ಸು, ಹಿಡಿಯ ಬೆನ್ನಿನ ಕಮಾನಿನ ಮೇಲಿನ ಕೆತ್ತನೆ ಮೂರನ್ನೂ ವಿವರಿಸಿದನು. ಮುದುಕನು ಸಾಸೇಜು ತಿನ್ನುತ್ತ ಕೇಳಿದನು.

ಹೀಗಿದ್ದರೂ ಊಟ ಚೆನ್ನಾಗಿಯೇ ಸಾಗಿತೆನ್ನಬೇಕು. ವೈಸಾದನು ಹಸುಗಳ ತಳಿಯನ್ನು ಬಲ್ಲವನು. ಹೋದ ಚಳಿಗಾಲದ ಹಿಮದಲ್ಲಿ ಎಲ್ಲೆಲ್ಲಿ ಎಷ್ಟು ನಷ್ಟವಾಯಿತೆಂಬುದನ್ನು ತಡವರಿಸದೆ ಹೇಳಿದನು. ಕೈರೋಲನು ಎರಡು ಸಲ ತಲೆಯಾಡಿಸಿದನು. ಆ ತಲೆಯಾಟ ವೈಸಾದನಿಗೆ ದ್ರಾಕ್ಷಾರಸಕ್ಕಿಂತ ಬೇಗ ಏರಿತು. ಆಂಜೆಲ್ ತಟ್ಟೆಗಳನ್ನು ತೆಗೆದಳು; ಓದೀಲಳ ತಟ್ಟೆಯಲ್ಲಿ ಇನ್ನೂ ಅರ್ಧವಿದ್ದುದನ್ನು ಕಂಡು ಅದನ್ನು ಮುಟ್ಟದೆ, ನೀನು ನಿಧಾನವಾಗಿ ಉಣ್ಣು ಮಗಳೇ ಎಂದು ಭುಜ ತಟ್ಟಿ ಗಿಣ್ಣ ತರಲು ಒಳಗೆ ಹೋದಳು.

ಆಗ ದೆಲ್ಬೂಯಿ ಸಿಡಿಲಿನ ಮಾತು ತೆಗೆದನು. ಸಿಡಿಲಿಗೆ ಸತ್ತ ಹಸು ಮರದಡಿಯಲ್ಲೋ ಬೇಲಿಯ ತಂತಿಯ ಬಳಿಯಲ್ಲೋ ಬಿದ್ದಿದ್ದರೆ ಮಾತ್ರ ಸಿಡಿಲೆಂದು ಒಪ್ಪುವ ಪದ್ಧತಿಯನ್ನು ಕಚೇರಿಯಲ್ಲಿ ವೈಸಾದನು ತಂದಿದ್ದನು. ದೆಲ್ಬೂಯಿಯ ನೆರೆಯವನೊಬ್ಬನ ಹಸು ಬಟ್ಟಬಯಲಲ್ಲಿ ಸತ್ತು, ಅವನಿಗೆ ಏನೂ ದಕ್ಕಿರಲಿಲ್ಲ.

ವೈಸಾದನು ನಿಯಮವನ್ನು ವಿವರಿಸಿದನು. ದೆಲ್ಬೂಯಿ ತಾಳ್ಮೆಯಿಂದ ಕೇಳಿ, "ಹಾಗಾದ್ರೆ ತಪ್ಪು ನಮ್ದೇ ಬಿಡಪ್ಪ ವೈಸಾದ್," ಎಂದನು. "ಹಸುಗಳಿಗೆ ನಿನ್ನ ನಿಯಮ ಓದಿ ಹೇಳಿರ್ಲಿಲ್ಲ ನೋಡು. ಮೋಡ ಕಂಡ ತಕ್ಷಣ ಹೋಗಿ ಮರದ ಕೆಳಗೆ ಸಾಲಾಗಿ ನಿಂತ್ಕೊಳ್ರಮ್ಮ, ಎಸ್ಪಾಲಿಯೋಂ ಕಚೇರಿಯವ್ರು ನೋಡೋಕ್ಕೆ ಬರ್ತಾರೆ ಅಂತ."

ಕೈರೋಲನ ಮೀಸೆ ಅಲುಗಿತು. ವೈಸಾದನ ಕಿವಿ ಕೆಂಪಾಯಿತು. ಅವನು ರೊಟ್ಟಿಯ ಒಂದು ತುಣುಕನ್ನು ಮುರಿದನು.

ಓದೀಲ್ ಅದನ್ನು ಕಂಡಳು. ಮೇಜಿನಾಚೆ ಕುಳಿತು ಇಷ್ಟು ವರ್ಷ ಆ ಕೈಗಳನ್ನು ನೋಡಿದವಳಿಗೆ ಮುಂದಿನದು ತಿಳಿದಿತ್ತು. ಅವಳ ಫೋರ್ಕು ತಾನಾಗಿಯೇ ಬೇಗ ಬೇಗ ನಡೆಯಲಾರಂಭಿಸಿತು, ಮನೆಯಲ್ಲಿ ನಡೆಯುವ ಹಾಗೆ. ಅವನು ಅಲಗಿನ ಒಂದು ಮಗ್ಗುಲನ್ನು ಒರಸಿದನು. ಆಂಜೆಲ್ ಗಿಣ್ಣದ ಹಲಗೆಯನ್ನು ಎರಡೂ ಕೈಗಳಲ್ಲಿ ಹೊತ್ತು ಬಾಗಿಲಲ್ಲಿ ಕಾಣಿಸಿಕೊಂಡಳು. ಅವನು ಇನ್ನೊಂದು ಮಗ್ಗುಲನ್ನು ಒರಸಿದನು. ರೇಜಿಸ್, ಗಿಣ್ಣ ಬಂತು—ಇಷ್ಟು ಅಂದಿದ್ದರೆ ಸಾಕಾಗಿತ್ತು. ಮೇಜಿನಡಿಯಲ್ಲಿ ಕಾಲು ತಗುಲಿಸಿದ್ದರೂ ಸಾಕಾಗಿತ್ತು. ಮಾತು ಅವಳ ಬಾಯಿಯವರೆಗೆ ಬಂದಿತ್ತು. ಬಾಯಲ್ಲಿ ತುತ್ತೂ ಇತ್ತು. ಅವಳು ಫೋರ್ಕನ್ನು ನಿಲ್ಲಿಸಿ, ಆ ತುತ್ತನ್ನು ಅಗಿದಳು. ಆತುರಪಡದೆ, ತವರುಮನೆಯಲ್ಲಿ ಅಗಿಯುತ್ತಿದ್ದ ಹಾಗೆ, ರುಚಿ ನೋಡಿ ಅಗಿದಳು. ಅವನು ರೊಟ್ಟಿಯ ತುಣುಕನ್ನು ಬಾಯಿಗೆ ಹಾಕಿಕೊಂಡನು.

"ನಿಯಮ ಅಂದ್ರೆ ನಿಯಮ, ದೆಲ್ಬೂಯಿ," ಎಂದನು. "ಆ ಮಾತು ಅಲ್ಲಿಗೆ ಮುಗೀತು."

ಟಕ್.

ದೆಲ್ಬೂಯಿ ಎದ್ದು ನಿಂತನು. ಪಾಪ, ಅವನೇನೂ ಅಣಕಿಸಲು ಎದ್ದದ್ದಲ್ಲ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಆ ಸದ್ದಿಗೆ ಏಳುತ್ತ ಬಂದ ಮೊಣಕಾಲುಗಳು ಅವನನ್ನು ಕೇಳದೆ ಎದ್ದುಬಿಟ್ಟವು. ಬಾಗಿಲಲ್ಲಿ ಆಂಜೆಲ್ ಹಲಗೆಯನ್ನು ಹೊತ್ತು ನಿಂತಲ್ಲೇ ನಿಂತಳು. ಮೇಜಿನ ತಲೆಯಲ್ಲಿ ಕೈರೋಲನು ತನ್ನ ಮನೆಯಲ್ಲಿ, ತನ್ನ ಗಿಣ್ಣಕ್ಕೆ ಬಿಚ್ಚಿ ಹಿಡಿದ ಚಾಕುವನ್ನು ಕೈಯಲ್ಲಿಟ್ಟುಕೊಂಡು ಕುಳಿತಿದ್ದನು. ಎದ್ದವನಿಗೆ ಎದ್ದದ್ದೇಕೆಂದು ತಿಳಿಯಿತು, ಮುಚ್ಚಿದವನಿಗೆ ಮುಚ್ಚಿದ್ದೇನೆಂದು ಹೊಳೆಯಿತು. ಪರರ ಮನೆಯಲ್ಲಿ, ಯಜಮಾನನ ಎದುರಿನಲ್ಲಿ, ಊಟ ಮುಗಿಯಿತೆಂದು ಸಾರುವುದು ಯಾವ ಜಾತಿಯ ಅಪರಾಧವೆಂಬುದನ್ನು ಆಳಿನ ಮಗನಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಇರಲಿಲ್ಲ.

ಅವನು ನಕ್ಕನು. ಅಭ್ಯಾಸಬಲವೆಂದನು, ದ್ರಾಕ್ಷಾರಸದ ಮಹಿಮೆಯೆಂದನು. ಹೇಳುತ್ತ ಹೇಳುತ್ತ ಅಲಗನ್ನೆತ್ತಲು ಉಗುರು ತೂರಿಸಿದನು.

"ಬೇಡಪ್ಪ," ಎಂದನು ಕೈರೋಲ್. ಧ್ವನಿ ಏರಿಸಲಿಲ್ಲ. "ಮುಚ್ಚಿದ್ದು ಮುಚ್ಚಿದ ಹಾಗೇ ಇರ್ಲಿ. ನಮ್ಮಪ್ಪ ಮಣ್ಣಿಗೆ ಹೋದ್ಮೇಲೆ ಈ ಮೇಜಿನ ಹತ್ರ ನಾನಲ್ದೆ ಇನ್ನೊಬ್ರು ಮುಚ್ಚಿದ್ದು ಇವತ್ತೇ. ಅಭ್ಯಾಸ ಅಂತೀಯ. ಎಲ್ಲಿ ಆಯ್ತು ಈ ಅಭ್ಯಾಸ ನಿಂಗೆ?"

ಮುದುಕನು ಅವನನ್ನು ಬಿಟ್ಟು ಓದೀಲಳತ್ತ ತಿರುಗಿದನು. ಅವಳ ತಟ್ಟೆಯನ್ನು ನೋಡಿದನು. ನೋಡಿದ ಬಗೆಯಲ್ಲಿ ಅವನಿಗೆ ಉತ್ತರ ಸಿಕ್ಕಿತ್ತೆಂದು ಕಾಣುತ್ತದೆ.

"ನಿಂದು ಊಟ ಆಯ್ತೇನಮ್ಮ?"

ಓದೀಲ್ ತುತ್ತು ನುಂಗಿದಳು. "ಇಲ್ಲ ಯಜಮಾನ್ರೇ," ಎಂದಳು. "ನಂದು ಯಾವತ್ತೂ ಆಗೋದೇ ಇಲ್ಲ."

ವೈಸಾದನು ಅವಳ ಕಡೆ ನೋಡಿದ ನೋಟದಲ್ಲಿ ಆಜ್ಞೆಯೂ ಯಾಚನೆಯೂ ಇದ್ದವು. ಅವಳು ಎರಡಕ್ಕೂ ತಲೆಯೆತ್ತಲಿಲ್ಲ.

"ಕೂತ್ಕೊಳ್ಳೋ ದೆಲ್ಬೂಯಿ," ಎಂದನು ಕೈರೋಲ್. "ಮುಚ್ಚಿದವನ ಊಟ ಮುಗೀತು. ನಮ್ದು ನಡೀಲಿ. ಆಂಜೆಲ್, ಆ ಗಿಣ್ಣ ಈ ಮಗೂಗೆ ಮೊದಲು ಕೊಡು."

ಮೇಜಿನ ತಲೆಯಿಂದ ಹೊರಡಬೇಕಾದ ಹಲಗೆ ಅಂದು ಓದೀಲಳಿಂದ ಹೊರಟಿತು. ದೆಲ್ಬೂಯಿ ತನ್ನ ಚಾಕು ಬಿಚ್ಚಿಕೊಂಡು, ಗಿಣ್ಣದ ಗಟ್ಟಿ ಸಿಪ್ಪೆಯನ್ನು ಹೆರೆದು ಹೋಳನ್ನು ಅವಳ ತಟ್ಟೆಗಿಟ್ಟನು. ಆಮೇಲೆ ಹಲಗೆ ವೈಸಾದನ ಎದುರಿನಿಂದ, ಅವನ ಮೆದುವಾದ ಕೋಟಿನ ತೋಳನ್ನು ಸವರಿಕೊಂಡು, ಕೈರೋಲನ ಬಳಿಗೆ ಹೋಯಿತು. ವೈಸಾದನ ಮುಂದೆ ತಟ್ಟೆಯಿರಲಿಲ್ಲ. ಚಾಕು ಮಾತ್ರ ಇತ್ತು, ಮೇಣದ ಹೊಳಪಿನಿಂದ, ಸತ್ತ ಮೀನಿನಂತೆ. ಅದನ್ನು ಜೇಬಿಗಿಟ್ಟರೆ ಎದ್ದು ಹೋಗಬೇಕು, ಬಿಚ್ಚಿದರೆ ಮುದುಕನ ಮಾತು ಮೀರಬೇಕು. ಹಾಗಾಗಿ ಅವನು ಎರಡೂ ಕೈಗಳನ್ನು ಅದರ ಮಗ್ಗುಲಲ್ಲಿ ಊರಿಕೊಂಡು ಕುಳಿತನು. ಉಳಿದವರು ಗಿಣ್ಣ ತಿಂದು, ಕಿತ್ತಳೆ ಹೂವಿನ ವಾಸನೆಯ ಸಿಹಿರೊಟ್ಟಿ ತಿಂದು, ಹಸುಗಳ ಕಾಲುಬಾವಿನ ಮಾತನಾಡಿದರು. ಅವನು ಒಂದೆರಡು ಸಲ ಮಾತಿಗೆ ಬಾಯಿ ಹಾಕಿದನು. ಅವರು ಕೇಳಿಸಿಕೊಂಡರು, ಮುಂದುವರಿದರು. ಅವನನ್ನು ಯಾರೂ ಅವಮಾನಿಸಲಿಲ್ಲ. ಅವಮಾನಿಸುವುದಕ್ಕೂ ಎದುರಿಗೆ ಒಬ್ಬನು ಇದ್ದಾನೆಂದು ಒಪ್ಪಬೇಕಲ್ಲ.

ಓದೀಲ್ ನಿಧಾನವಾಗಿ ಉಂಡಳು. ಅವಳು ಮುಗಿಸುವವರೆಗೆ ಕೈರೋಲನು ಚಾಕುವನ್ನು ಬಿಚ್ಚಿಯೇ ಇಟ್ಟುಕೊಂಡು, ರೊಟ್ಟಿಯ ಪುಡಿಗಳನ್ನು ಅಲಗಿನ ತುದಿಯಿಂದ ಒಟ್ಟುಮಾಡುತ್ತ ಕಾದನು. ಕಾಫಿಯ ಹೊತ್ತಿಗೆ ಆಂಜೆಲ್ ಸಂಕೋಚದಿಂದ ಗಂಡನ ಮುಖ ನೋಡಿದಳು.

"ಅವನಿಗೂ ಕೊಡು," ಎಂದನು ಮುದುಕ. "ಕಾಫಿಗೇನು ಚಾಕು ಬೇಕಾ?"

ವೈಸಾದನು ಕಾಫಿ ಕುಡಿದನು. ಅವನು ಅದನ್ನು ಕುಡಿಯದೆ ಬಿಟ್ಟಿದ್ದರೆ ಓದೀಲಳಿಗೆ ಅವನ ಮೇಲೆ ಒಂದು ಕಾಳಿನಷ್ಟು ಗೌರವ ಮರಳುತ್ತಿತ್ತೇನೋ. ಅವನು ಸಕ್ಕರೆಯನ್ನೂ ಕೇಳಿ ಹಾಕಿಸಿಕೊಂಡನು.

ಅಂಗಳದಲ್ಲಿ ಕಾರಿನ ಬಾಗಿಲು ತೆಗೆಯುವಾಗ, ಹಟ್ಟಿಯ ಗೋಡೆಯ ಬಳಿ ಕೈರೋಲನು ದೆಲ್ಬೂಯಿಯೊಡನೆ ಆಡಿದ ಮಾತು ಗಾಳಿಯಲ್ಲಿ ಸ್ಪಷ್ಟವಾಗಿಯೇ ಕೇಳಿಸಿತು. ಮಾಂದ್ ಊರಿನ ಆ ಹೆಂಗಸಿಗೆ ನಾಳೆ ಫೋನು ಮಾಡು, ಮುಂದಿನ ಭಾನುವಾರ ಬರ್ತಾಳಾ ಕೇಳು, ಆಲೂಗಡ್ಡೆ ಗಿಣ್ಣ ಸೇರತ್ತಾ ಅಂತಾನೂ ಕೇಳು ಎಂದು. ಮುದುಕನು ಧ್ವನಿ ತಗ್ಗಿಸುವ ಶ್ರಮ ತೆಗೆದುಕೊಂಡಿರಲಿಲ್ಲ.

ಗುಡ್ಡ ಇಳಿಯುವ ದಾರಿಯಲ್ಲಿ ವೈಸಾದನ ಬಾಯಿ ಕೆಲಸಕ್ಕೆ ತೊಡಗಿತು. ಕೈರೋಲನಿಗೆ ವಯಸ್ಸಾಯಿತು. ಈ ಹಳೆಯ ಕಟ್ಟಳೆಗಳಿಂದಲೇ ನಮ್ಮ ಸೀಮೆ ಹಿಂದುಳಿದಿರುವುದು. ಯೋಚಿಸಿ ನೋಡಿದರೆ ತಾನು ಮಾಡಿದ್ದು ಒಳ್ಳೆಯದೇ. ದೆಲ್ಬೂಯಿಯಂಥವನ ಬಾಯಿ ಮುಚ್ಚಿಸುವ ಗಟ್ಟಿತನ ಒಬ್ಬನಲ್ಲಾದರೂ ಇದೆಯೆಂದು ಅವರಿಗೆ ತಿಳಿಯಿತು. ಅಂಥವರ ಕೈಕೆಳಗೆ ನಿರ್ದೇಶಕನಾಗುವುದಕ್ಕಿಂತ ಆಗದಿರುವುದೇ ಲೇಸು. ಎರಡನೆಯ ತಿರುವು ದಾಟುವಷ್ಟರಲ್ಲಿ ಆ ಕುರ್ಚಿಯನ್ನು ಅವನು ತಾನಾಗಿಯೇ ನಿರಾಕರಿಸಿದ್ದನು. ಹೊಳೆಯ ಸೇತುವೆ ಬರುವಷ್ಟರಲ್ಲಿ, ಹಾಗೆ ನಿರಾಕರಿಸಿದ್ದು ತನ್ನ ತಂದೆಯ ಮಾನಕ್ಕಾಗಿ ಎಂಬುದೂ ಸೇರಿಕೊಂಡಿತ್ತು. ಓದೀಲ್ ಕಿಟಕಿಯಾಚೆ ಮೇಯುವ ಹಸುಗಳನ್ನು ನೋಡುತ್ತಿದ್ದಳು. ಹೊಟ್ಟೆ ತುಂಬಿದ್ದರಿಂದ ಅವಳಿಗೆ ನಿದ್ದೆ ಬರುವಂತಿತ್ತು.

ಸೇತುವೆಯಾಚೆ ಅವನು ಥಟ್ಟನೆ ಕಾರಿನ ವೇಗ ತಗ್ಗಿಸಿದನು.

"ನೀನು ನೋಡ್ತಾ ಇದ್ದೆ," ಎಂದನು. "ನಾನು ಒರಸೋದನ್ನ ನೀನು ನೋಡ್ತಾನೇ ಇದ್ದೆ, ಓದೀಲ್. ಒಂದು ಮಾತು ಹೇಳೋಕ್ಕೆ ಏನಾಗಿತ್ತು ನಿಂಗೆ?"

ಅವಳು ಅವನತ್ತ ತಿರುಗಿದಳು. ಇಸ್ತ್ರಿಯ ಗೆರೆ ಮೊಣಕಾಲಿನವರೆಗೆ ಇನ್ನೂ ನೆಟ್ಟಗೇ ಇತ್ತು.

"ಬಾಯಲ್ಲಿ ತುತ್ತಿತ್ತು," ಎಂದಳು.